ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಪೀರಿಯಲ್ ಗಾರ್ಡ್ ಬಗ್ಗೆ ಮಾತು ಬಂದಾಗ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

### ಮೊದಲ ಪರಿಚಯ

ಇಂಪೀರಿಯಲ್ ಗಾರ್ಡ್ ಅಂದರೆ ನೆಪೋಲಿಯನ್ನನ ಬಾಡಿಗಾರ್ಡುಗಳು ತಾನೇ?

ಶುರುವಾಗಿದ್ದು ಹಾಗೆಯೇ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಕಾಲಾಳುಗಳು, ಕುದುರೆ ಸವಾರರು, ಫಿರಂಗಿ ಪಡೆ, ಎಂಜಿನಿಯರುಗಳು, ಸರಕಿನ ಗಾಡಿಗಳು, ಡಾಕ್ಟರುಗಳು ಎಲ್ಲ ಇದ್ದ ಪೂರ್ತಿ ಸೈನ್ಯ ಅದು. ಫ್ರೆಂಚ್ ಸೇನೆಯ ಒಳಗೇ ಇನ್ನೊಂದು ಸೇನೆ. ಪ್ಯಾರಿಸ್‌ನ ಗ್ರೋ-ಕಾಯು ಬಡಾವಣೆಯಲ್ಲಿ ಅದಕ್ಕೆ ಸ್ವಂತ ಆಸ್ಪತ್ರೆ ಇತ್ತು. ಗಾಯಾಳುಗಳನ್ನು ಯುದ್ಧ ನಡೆಯುತ್ತಿರುವಾಗಲೇ ಎತ್ತಿ ತರುವ ಗಾಡಿಗಳ ವ್ಯವಸ್ಥೆ ಮಾಡಿದ ಡೊಮಿನಿಕ್ ಲಾರೆ ಈ ಗಾರ್ಡ್‌ನ ಮುಖ್ಯ ಶಸ್ತ್ರವೈದ್ಯ.

ಚಕ್ರವರ್ತಿಯನ್ನು ಕಾಯುವುದು ಒಂದು ಕೆಲಸ. ಯುದ್ಧದಲ್ಲಿ ಕೊನೆಯ ಗಳಿಗೆಗೆ ಕೈಯಲ್ಲಿ ಉಳಿದಿರುವ ಮೀಸಲು ಪಡೆಯಾಗುವುದು ಇನ್ನೊಂದು. ವರ್ಷಗಟ್ಟಲೆ ದುಡಿದ ಸಿಪಾಯಿಗೆ ಸಿಗುವ ಬಹುಮಾನವಾಗುವುದು ಮೂರನೆಯದು. ಈ ಮೂರನ್ನೂ ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ಸಲೀಸಾಗಿ ಅರ್ಥವಾಗುತ್ತವೆ.

ಇದು ಯಾವಾಗ ಹುಟ್ಟಿತು? ಅವನು ಚಕ್ರವರ್ತಿ ಆದಮೇಲೋ, ಮುಂಚೆಯೋ?

ಮುಂಚೆಯೇ. 1799ರ ನವೆಂಬರಿನಲ್ಲಿ ನೆಪೋಲಿಯನ್ ಅಧಿಕಾರ ಹಿಡಿದ. ಹಳೆಯ ಸರ್ಕಾರವನ್ನೂ ಶಾಸನ ಸಭೆಯನ್ನೂ ಕಾಯುತ್ತಿದ್ದ ಪಡೆಗಳನ್ನು ಅದೇ ತಿಂಗಳು ಸೇರಿಸಿ ಕಾನ್ಸುಲರ್ ಗಾರ್ಡ್ ಮಾಡಿದ (ಆಗ ಅವನ ಪದವಿಯ ಹೆಸರು ಕಾನ್ಸುಲ್). 1800ರ ಜೂನ್ 14ರಂದು ಇಟಲಿಯ ಮರೆಂಗೋ ಯುದ್ಧದಲ್ಲಿ ಅದು ಮೊದಲ ಸಲ ಹೆಸರು ಮಾಡಿತು. 1804ರ ಮೇ 18ರಂದು ಫ್ರಾನ್ಸ್ ಸಾಮ್ರಾಜ್ಯವಾಯಿತು, ಕಾನ್ಸುಲರ್ ಗಾರ್ಡ್ ಇಂಪೀರಿಯಲ್ ಗಾರ್ಡ್ ಆಯಿತು.

ಒಂದು ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1796ರಲ್ಲಿ ಇಟಲಿಯ ಬೊರ್ಗೆಟ್ಟೊದಲ್ಲಿ ಆಸ್ಟ್ರಿಯನ್ ಸವಾರರು ನೆಪೋಲಿಯನ್ನನನ್ನು ಹಿಡಿದೇಬಿಡುತ್ತಿದ್ದರು. ಅದಾದ ಮೇಲೆ ಅವನು ತನ್ನ ಸುತ್ತ ಇರಲು ‘ಗೈಡ್ಸ್’ ಎಂಬ ಸಣ್ಣ ಕುದುರೆ ದಳ ಕಟ್ಟಿಕೊಂಡ. ಅದರ ನಾಯಕ ಬೆಸಿಯೇರ್. ಗಾರ್ಡ್‌ನ ಹಸಿರು ಅಂಗಿಯ ಸವಾರರು ಬೆಳೆದು ಬಂದದ್ದು ಇದರಿಂದ.

ಓಲ್ಡ್ ಗಾರ್ಡ್, ಮಿಡ್ಲ್ ಗಾರ್ಡ್, ಯಂಗ್ ಗಾರ್ಡ್ ಅಂತಾರಲ್ಲ, ವಯಸ್ಸಿನ ಮೇಲೆ ಭಾಗ ಮಾಡಿದ್ದಾ?

ಸಿಪಾಯಿಯ ವಯಸ್ಸಿಗಿಂತ ರೆಜಿಮೆಂಟಿನ ಹಿರಿತನ ಮುಖ್ಯ. ಮೊದಲಿನಿಂದ ಇದ್ದ ಗ್ರೆನೇಡಿಯರ್, ಶಾಸರ್ ಎಂಬ ಎರಡು ಬಗೆಯ ಕಾಲಾಳು ರೆಜಿಮೆಂಟುಗಳು ಮತ್ತು ಹಳೆಯ ಕುದುರೆ ದಳಗಳು ಓಲ್ಡ್ ಗಾರ್ಡ್. 1806ರಿಂದ ಕಟ್ಟಿದ ಫ್ಯುಸಿಲಿಯರ್ ಎಂಬ ಕಾಲಾಳು ರೆಜಿಮೆಂಟುಗಳಿಗೆ ಮುಂದೆ ಮಿಡ್ಲ್ ಗಾರ್ಡ್ ಎಂಬ ಹೆಸರು ಬಂತು. 1809ರಿಂದ ಹೊಸ ಹುಡುಗರನ್ನು ಸೇರಿಸಿ ಕಟ್ಟಿದ್ದು ಯಂಗ್ ಗಾರ್ಡ್. ಸಂಬಳ, ಮರ್ಯಾದೆ, ಟೋಪಿ ಎಲ್ಲದರಲ್ಲೂ ಮೂರಕ್ಕೂ ವ್ಯತ್ಯಾಸ ಇತ್ತು.

ಸೇರೋಕೆ ಏನು ಅರ್ಹತೆ ಬೇಕಿತ್ತು? ಎತ್ತರ ಇದ್ದರೆ ಸಾಕಾ?

ಎತ್ತರ ಸಾಲದು. ಓಲ್ಡ್ ಗಾರ್ಡ್‌ನ ಗ್ರೆನೇಡಿಯರ್ ಆಗಲು ಸುಮಾರು 178 ಸೆಂಟಿಮೀಟರ್ ಎತ್ತರ ಬೇಕಿತ್ತು. ಆ ಕಾಲದ ಫ್ರಾನ್ಸಿನಲ್ಲಿ ಅದು ಅಪರೂಪದ ಎತ್ತರ. ಶಾಸರ್‌ಗಳಿಗೆ ಇನ್ನೊಂದಿಷ್ಟು ಕಡಿಮೆ ಇದ್ದರೂ ನಡೆಯುತ್ತಿತ್ತು. ಅದರ ಮೇಲೆ ಹತ್ತು ವರ್ಷದ ಸೇವೆ, ಹಲವು ದಂಡಯಾತ್ರೆಗಳ ಅನುಭವ, ಒಳ್ಳೆಯ ನಡತೆ. ಹೆಸರನ್ನು ಅವರವರ ರೆಜಿಮೆಂಟೇ ಕಳಿಸಬೇಕಿತ್ತು. ಲೆಕ್ಕ ಯುದ್ಧದ ತುರ್ತಿಗೆ ಆಗಾಗ ಬದಲಾಗುತ್ತಿತ್ತು. ಆದರೂ ಹೊರಗಿನಿಂದ ನೇರವಾಗಿ ಬಂದು ಓಲ್ಡ್ ಗಾರ್ಡ್ ಸಾಲಿನಲ್ಲಿ ನಿಲ್ಲುವುದು ಆಗದ ಮಾತು.

ಸೇರಿದವನಿಗೆ ಸಂಬಳ ಜಾಸ್ತಿ, ಊಟ ಚೆನ್ನಾಗಿ. ಗಾರ್ಡ್‌ನವನ ದರ್ಜೆಯನ್ನು ಮಾಮೂಲಿ ರೆಜಿಮೆಂಟಿನವರಿಗಿಂತ ಒಂದು ಮೆಟ್ಟಿಲು ಮೇಲೆ ಎಣಿಸುತ್ತಿದ್ದರು. ಚಕ್ರವರ್ತಿಯ ಎದುರಲ್ಲೇ ಗೊಣಗುವ ಸಲುಗೆಯೂ ಇತ್ತು. ಅದಕ್ಕೇ ಅವರಿಗೆ ‘ಗೊಣಗುವವರು’ ಎಂಬ ಅಡ್ಡಹೆಸರು. ಆದರೆ ಆ ಸಲುಗೆ ಓಲ್ಡ್ ಗಾರ್ಡ್‌ನವರಿಗೆ ಮಾತ್ರ. ಯಂಗ್ ಗಾರ್ಡ್ ಹುಡುಗರಿಗೆ ಅಂಥದ್ದೇನೂ ಇರಲಿಲ್ಲ.

ಇಡೀ ಗಾರ್ಡ್‌ಗೆ ಒಬ್ಬ ಕಮಾಂಡರ್ ಇದ್ದನಾ?

ನೆಪೋಲಿಯನ್ನನೇ. ಬೇಕೆಂದೇ ಇನ್ನೊಬ್ಬನ ಕೈಗೆ ಪೂರ್ತಿ ಕೊಡಲಿಲ್ಲ. ಅವನ ಕೆಳಗೆ ನಾಲ್ವರು ಕರ್ನಲ್-ಜನರಲ್‌ಗಳು. ಗ್ರೆನೇಡಿಯರ್‌ಗಳಿಗೆ ಮಾರ್ಷಲ್ ದಾವೂ, ಶಾಸರ್‌ಗಳಿಗೆ ಸೂಲ್ಟ್, ಕುದುರೆ ದಳಕ್ಕೆ ಬೆಸಿಯೇರ್, ಫಿರಂಗಿ ಮತ್ತು ನಾವಿಕರಿಗೆ ಮೊರ್ತಿಯೇ. ದಾವೂ ಮತ್ತು ಸೂಲ್ಟ್ ಯುದ್ಧದಲ್ಲಿ ಬೇರೆ ಪಡೆಗಳನ್ನು ನಡೆಸುತ್ತಿದ್ದರು, ಹಾಗಾಗಿ ಅವರದು ಹೆಚ್ಚಾಗಿ ಗೌರವದ ಪದವಿ. ಗಾರ್ಡ್ ಜೊತೆ ಉಸಿರಾಡಿದವನು ಬೆಸಿಯೇರ್. 1813ರ ಮೇ 1ರಂದು, ಲ್ಯುಟ್ಸೆನ್ ಯುದ್ಧದ ಹಿಂದಿನ ದಿನ, ಫಿರಂಗಿ ಗುಂಡು ಬಡಿದು ಸತ್ತ.

ಒಟ್ಟು ಎಷ್ಟು ಜನ ಇದ್ದರು?

ಯಾವ ವರ್ಷ ಎಂದು ಕೇಳಬೇಕು. 1804ರಲ್ಲಿ ಹತ್ತು ಸಾವಿರದ ಒಳಗೆ. 1812ರಲ್ಲಿ ರಷ್ಯಕ್ಕೆ ಹೊರಡುವ ಹೊತ್ತಿಗೆ ಸುಮಾರು 50,000. 1814ರಲ್ಲಿ ಕಾಗದದ ಮೇಲೆ ಲಕ್ಷ ದಾಟಿತ್ತು, ಆದರೆ ಅದರಲ್ಲಿ ಬಹುಪಾಲು ಹೊಸದಾಗಿ ಸೇರಿಸಿದ ಹುಡುಗರು. 1815ರ ವಾಟರ್ಲೂ ದಂಡಯಾತ್ರೆಗೆ, ಅಂದರೆ ನೆಪೋಲಿಯನ್ ಕೊನೆಯದಾಗಿ ಸೋತ ಯುದ್ಧಕ್ಕೆ, ಸಿಕ್ಕಿದ್ದು 20 ಸಾವಿರಕ್ಕೆ ಸ್ವಲ್ಪ ಮೇಲೆ.

### ರೆಜಿಮೆಂಟುಗಳು

ಗ್ರೆನೇಡಿಯರ್‌ಗೂ ಶಾಸರ್‌ಗೂ ಏನು ವ್ಯತ್ಯಾಸ? ಚಿತ್ರದಲ್ಲಿ ಇಬ್ಬರೂ ಒಂದೇ ಥರ ಕಾಣ್ತಾರೆ.

ಇಬ್ಬರಿಗೂ ಕರಡಿ ಚರ್ಮದ ಎತ್ತರದ ಟೋಪಿ, ನೀಲಿ ಕೋಟು. ಗ್ರೆನೇಡಿಯರ್ ಟೋಪಿಯ ಮುಂದೆ ಹದ್ದಿನ ಚಿತ್ರದ ಹಿತ್ತಾಳೆ ತಗಡು ಇರುತ್ತದೆ, ಗರಿ ಪೂರ್ತಿ ಕೆಂಪು. ಶಾಸರ್ ಟೋಪಿಗೆ ತಗಡಿಲ್ಲ. ಗರಿಯ ತುದಿ ಕೆಂಪು, ಕೆಳಗೆ ಹಸಿರು. ಹೆಗಲ ಪಟ್ಟಿಯಲ್ಲೂ ಅಷ್ಟೇ: ಗ್ರೆನೇಡಿಯರ್‌ಗೆ ಕೆಂಪು, ಶಾಸರ್‌ಗೆ ಹಸಿರು ಬೆರೆತ ಕೆಂಪು.

ಸಾಮಾನ್ಯ ಸೇನೆಯಲ್ಲಿ ಗ್ರೆನೇಡಿಯರ್‌ಗಳು ಭಾರಿ ಆಳುಗಳು, ಶಾಸರ್‌ಗಳು ಚುರುಕಾಗಿ ಓಡಾಡುವ ಹಗುರ ಕಾಲಾಳುಗಳು. ಗಾರ್ಡ್‌ಗೆ ಜನ ಬರುತ್ತಿದ್ದುದೂ ಹಾಗೆಯೇ, ಲೈನ್ (ಮಾಮೂಲಿ ಕಾಲಾಳು) ರೆಜಿಮೆಂಟಿನವರು ಗ್ರೆನೇಡಿಯರ್‌ಗೆ, ಹಗುರ ರೆಜಿಮೆಂಟಿನವರು ಶಾಸರ್‌ಗೆ. ಸೇರಿದ ಮೇಲೆ ಎರಡೂ ಹೋರಾಡುವ ರೀತಿಯಲ್ಲಿ ದೊಡ್ಡ ಅಂತರ ಇರಲಿಲ್ಲ. ಇಡೀ ಗಾರ್ಡ್ ಕಾಲಾಳು ಪಡೆ ಈ ಜೋಡಿಯ ಮೇಲೆಯೇ ನಿಂತಿದೆ. ಮುಂದೆ ಬಂದ ಪ್ರತಿ ಹೊಸ ರೆಜಿಮೆಂಟಿಗೂ ಒಂದು ಗ್ರೆನೇಡಿಯರ್ ಬದಿಯದು, ಒಂದು ಶಾಸರ್ ಬದಿಯದು ಎಂದು ಜೊತೆ ಇರುತ್ತಿತ್ತು.

ಕುದುರೆ ದಳದಲ್ಲಿ ಯಾವ್ಯಾವ ರೆಜಿಮೆಂಟ್ ಇತ್ತು? ನೆಪೋಲಿಯನ್ ಯಾಕೆ ಯಾವಾಗಲೂ ಹಸಿರು ಕೋಟು ಹಾಕಿರ್ತಾನೆ?

ಗಾರ್ಡ್‌ನ ನಿಜವಾದ ವೈಭವ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಹಾರ್ಸ್ ಶಾಸರ್‌ಗಳು, ಹಳೆಯ ಗೈಡ್ಸ್ ದಳದ ವಾರಸುದಾರರು. ಯುದ್ಧಭೂಮಿಯಲ್ಲಿ ಚಕ್ರವರ್ತಿಯ ಮೈಗಾವಲು ಇವರದು. ಅವನು ಹೋದಲ್ಲೆಲ್ಲ ಇವರ ಸಣ್ಣ ಗುಂಪೊಂದು ಮುಂದೆ ಹೋಗುತ್ತಿತ್ತು. ಅವನು ಕುದುರೆಯಿಂದ ಇಳಿದರೆ ಇವರೂ ಇಳಿದು, ಬಂದೂಕಿಗೆ ಬಯೊನೆಟ್ ಸಿಕ್ಕಿಸಿ ಸುತ್ತ ನಿಲ್ಲುತ್ತಿದ್ದರು. ನೆಪೋಲಿಯನ್ ದಿನನಿತ್ಯ ಹಾಕುತ್ತಿದ್ದ ಹಸಿರು ಕೋಟು ಈ ರೆಜಿಮೆಂಟಿನ ಕರ್ನಲ್ ಉಡುಪು. ಭಾನುವಾರ ಮತ್ತು ಸಮಾರಂಭಗಳಿಗೆ ಗ್ರೆನೇಡಿಯರ್‌ಗಳ ನೀಲಿ ಕೋಟು.

ಎರಡನೆಯದು ಹಾರ್ಸ್ ಗ್ರೆನೇಡಿಯರ್‌ಗಳು. ದೊಡ್ಡ ಆಳು, ದೊಡ್ಡ ಕಪ್ಪು ಕುದುರೆ, ಕರಡಿ ಚರ್ಮದ ಟೋಪಿ. 1807ರ ಫೆಬ್ರವರಿ 8ರಂದು ಐಲಾವ್‌ನಲ್ಲಿ ಹಿಮ ಸುರಿಯುತ್ತಿತ್ತು, ರಷ್ಯನ್ ಫಿರಂಗಿಗಳು ಹೊಡೆಯುತ್ತಿದ್ದವು. ಸಾಲಿನಲ್ಲಿ ಕಾದು ನಿಂತಿದ್ದ ಇವರಲ್ಲಿ ಕೆಲವರು ತಲೆ ತಗ್ಗಿಸಿದರು. ಕರ್ನಲ್ ಲೆಪಿಕ್ ತಲೆ ಎತ್ತಿ ನಿಲ್ಲಿ ಎಂದು ಗದರಿದ. ಆ ಮಾತು ಫ್ರಾನ್ಸಿನಲ್ಲಿ ಇಂದಿಗೂ ಪ್ರಸಿದ್ಧ. ಅದೇ ದಿನ ಅವರು ರಷ್ಯನ್ ಸಾಲುಗಳ ಆಳಕ್ಕೆ ನುಗ್ಗಿ ವಾಪಸ್ ಬಂದರು.

ಆಮೇಲೆ 1806ರಲ್ಲಿ ಕಟ್ಟಿ, ಮಹಾರಾಣಿ ಜೋಸೆಫೀನ್ ಹೆಸರಲ್ಲಿ ನಡೆದ ಡ್ರಗೂನ್ ಎಂಬ ಸವಾರರು. ಶಿಸ್ತು ಮತ್ತು ಅರಮನೆ ಕಾವಲಿಗೆ ಎಲೀಟ್ ಜೆಂಡಾರ್ಮ್‌ಗಳು, ಅಂದರೆ ಸೇನಾ ಪೊಲೀಸರು. ನಂತರ ಈಟಿ ಹಿಡಿದ ಸವಾರರ ಲ್ಯಾನ್ಸರ್ ರೆಜಿಮೆಂಟುಗಳು. 1813ರಲ್ಲಿ ಕುದುರೆ ದಳ ಬಡವಾದಾಗ ಉಳ್ಳವರ ಮಕ್ಕಳಿಂದ ನಾಲ್ಕು ಗಾರ್ಡ್ಸ್ ಆಫ್ ಆನರ್ ರೆಜಿಮೆಂಟುಗಳನ್ನು ಕಟ್ಟಿ ಗಾರ್ಡ್ ಜೊತೆ ಸೇರಿಸಿದರು. ಅವರ ಕುದುರೆ, ಉಡುಪಿನ ಖರ್ಚು ಮನೆಯವರದೇ.

ಗಾರ್ಡ್‌ನಲ್ಲಿ ಇದ್ದವರೆಲ್ಲ ಫ್ರೆಂಚರೇನಾ?

ಇಲ್ಲ. ಪೋಲೆಂಡಿನವರು ದೊಡ್ಡ ಹೆಸರು ಮಾಡಿದರು. 1807ರಲ್ಲಿ ಪೋಲಿಷ್ ಲೈಟ್ ಹಾರ್ಸ್ ರೆಜಿಮೆಂಟ್ ಕಟ್ಟಿದರು. ದೇಶವನ್ನೇ ಕಳೆದುಕೊಂಡಿದ್ದ ಜನ ಅವರು, ನೆಪೋಲಿಯನ್ ಅದನ್ನು ಮತ್ತೆ ಕೊಡಿಸುತ್ತಾನೆ ಎಂದು ನಂಬಿದ್ದರು. 1808ರ ನವೆಂಬರ್ 30ರಂದು ಸ್ಪೇನಿನ ಸೊಮೊಸಿಯೆರ್ರಾ ಕಣಿವೆಯಲ್ಲಿ ಅವರ ಒಂದೇ ಸ್ಕ್ವಾಡ್ರನ್ (ರೆಜಿಮೆಂಟಿನ ಒಂದು ತುಕಡಿ) ಇಕ್ಕಟ್ಟಾದ ಏರು ದಾರಿಯಲ್ಲಿ ಒಂದರ ಹಿಂದೊಂದು ಇದ್ದ ಫಿರಂಗಿ ಸಾಲುಗಳ ಮೇಲೆ ನುಗ್ಗಿತು. ಮ್ಯಾಡ್ರಿಡ್ ದಾರಿ ತೆರೆಯಿತು. ಆಗ ಅವರ ಕೈಯಲ್ಲಿ ಈಟಿ ಇರಲಿಲ್ಲ, ಬರೀ ಕತ್ತಿ. ಈಟಿ ಬಂದದ್ದು ಮರುವರ್ಷ.

1810ರಲ್ಲಿ ಹಾಲೆಂಡನ್ನು ಫ್ರಾನ್ಸಿಗೆ ಸೇರಿಸಿಕೊಂಡಾಗ ಅಲ್ಲಿನ ರಾಜನ ಗಾರ್ಡ್ ಕೂಡ ಇಲ್ಲಿಗೆ ಬಂತು. ಅದರ ಸವಾರರು ಕೆಂಪು ಲ್ಯಾನ್ಸರ್‌ಗಳಾದರು. ಕಾಲಾಳುಗಳು ಬಿಳಿ ಕೋಟಿನ ಡಚ್ ಗ್ರೆನೇಡಿಯರ್‌ಗಳು. ಆ ಕಾಲಾಳು ರೆಜಿಮೆಂಟ್ 1812ರ ನವೆಂಬರಿನಲ್ಲಿ ರಷ್ಯದ ಕ್ರಾಸ್ನೋಯ್‌ನಲ್ಲಿ ಹೆಚ್ಚುಕಡಿಮೆ ಅಳಿಸಿಹೋಯಿತು. 1812ರಲ್ಲೇ ಲಿಥುವೇನಿಯನ್ ಲ್ಯಾನ್ಸರ್‌ಗಳನ್ನೂ ತಾತಾರ್ ಸವಾರರ ಸ್ಕ್ವಾಡ್ರನ್ನನ್ನೂ ಕಟ್ಟಿದರು.

ಮಾಮಲೂಕರು ಪ್ಯಾರಿಸ್‌ಗೆ ಹೇಗೆ ಬಂದರು? ಟಿಪ್ಪುವಿಗೂ ಇದಕ್ಕೂ ಸಂಬಂಧ ಇದೆಯಂತೆ?

ನೇರ ಸಂಬಂಧ ಇಲ್ಲ. ಎರಡೂ ಒಂದೇ ದಂಡಯಾತ್ರೆಯಿಂದ ಹೊರಟ ದಾರಿಗಳು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋದ. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಕಾಗದ ಬರೆದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಈಜಿಪ್ಟಿನಲ್ಲಿ ಫ್ರೆಂಚರ ಜೊತೆ ಸೇರಿದ್ದ ಸ್ಥಳೀಯ ಸವಾರರು ಸೇನೆಯೊಂದಿಗೆ ಫ್ರಾನ್ಸಿಗೆ ಬಂದರು. ಮಾಮಲೂಕರು (ಈಜಿಪ್ಟಿನಲ್ಲಿ ಅಧಿಕಾರ ನಡೆಸುತ್ತಿದ್ದ ಕುದುರೆ ಯೋಧರ ವರ್ಗ), ಸಿರಿಯನ್ನರು, ಅರ್ಮೇನಿಯನ್ನರು, ಕಾಪ್ಟರು (ಈಜಿಪ್ಟಿನ ಕ್ರೈಸ್ತರು) ಎಲ್ಲ ಇದ್ದ ಆ ಗುಂಪನ್ನು ಜನರಲ್ ರಾಪ್ ದಳವಾಗಿ ಕಟ್ಟಿದ. ಮುಂದೆ ಅದನ್ನು ಹಾರ್ಸ್ ಶಾಸರ್‌ಗಳಿಗೆ ಜೋಡಿಸಿದರು. 1808ರ ಮೇ 2ರಂದು ಮ್ಯಾಡ್ರಿಡ್ ಜನ ದಂಗೆ ಎದ್ದಾಗ ಬೀದಿಯಲ್ಲಿ ಅವರ ಮೇಲೆ ಬಿದ್ದ ಪಡೆಗಳಲ್ಲಿ ಇವರೂ ಇದ್ದರು. ಸ್ಪೇನಿನ ಚಿತ್ರಕಾರ ಗೋಯಾ ಬರೆದ ಚಿತ್ರದಲ್ಲಿ ಪೇಟ ಸುತ್ತಿದ ಸವಾರರು ಇವರೇ. ನೆಪೋಲಿಯನ್ನನ ಬಾಗಿಲ ಬಳಿ ಮಲಗುತ್ತಿದ್ದ ಮಾಮಲೂಕ್ ಸೇವಕ ರುಸ್ತಂ ಹುಟ್ಟಿನಿಂದ ಅರ್ಮೇನಿಯನ್.

ಕರ್ನಾಟಕದ ನಿಜವಾದ ಕೊಂಡಿ ಎದುರು ಪಾಳೆಯದಲ್ಲಿದೆ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇದ್ದು, ಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ನೋಡಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲ್ಲಿಂಗ್ಟನ್ ಆದ. ವಾಟರ್ಲೂ ದಿಬ್ಬದ ಮೇಲೆ ಗಾರ್ಡ್‌ನ ಕೊನೆಯ ದಾಳಿಗೆ ಎದುರು ನಿಂತ ಸೇನೆ ಅವನದು.

ಫಿರಂಗಿ ಪಡೆ ಬಗ್ಗೆ ಯಾರೂ ಹೇಳೋದೇ ಇಲ್ಲ. ಅದೂ ಗಾರ್ಡ್‌ನಲ್ಲಿ ಇತ್ತಾ?

ಇತ್ತು, ಅದೂ ತುಂಬಾ ಬಲವಾಗಿ. ನೆಪೋಲಿಯನ್ ಮೂಲತಃ ಫಿರಂಗಿ ಅಧಿಕಾರಿ, ಅಲ್ವಾ? ಮೊದಲು ಕುದುರೆ ಮೇಲೆ ಸಾಗುವ ಹಾರ್ಸ್ ಆರ್ಟಿಲರಿ ಇತ್ತು. 1808ರಲ್ಲಿ ದ್ರುಓ ಎಂಬ ಅಧಿಕಾರಿಯ ಕೈಕೆಳಗೆ ಫುಟ್ ಆರ್ಟಿಲರಿ ಬಂತು. 1809ರ ಜುಲೈ 6ರಂದು ವಾಗ್ರಾಮ್‌ನಲ್ಲಿ ಫ್ರೆಂಚ್ ಸಾಲು ಒಡೆಯುವ ಹಂತದಲ್ಲಿದ್ದಾಗ ನೂರರಷ್ಟು ಫಿರಂಗಿಗಳನ್ನು ಒಟ್ಟುಗೂಡಿಸಿ ಎದುರಾಳಿಯನ್ನು ತಡೆದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾರ್ಡ್‌ನವು. ಓಲ್ಡ್ ಗಾರ್ಡ್ ಕಾಲಾಳುಗಳು ಸುಮ್ನೆ ನಿಂತು ನೋಡಿದ ಯುದ್ಧಗಳಲ್ಲೂ ಈ ಫಿರಂಗಿಗಳು ದುಡಿದಿವೆ.

ನಾವಿಕರಿಗೆ, ಬೆಂಕಿ ಆರಿಸೋರಿಗೆ ಗಾರ್ಡ್‌ನಲ್ಲಿ ಏನು ಕೆಲಸ?

ನಾವಿಕರ ದಳ ಕಟ್ಟಿದ್ದು 1803ರಲ್ಲಿ, ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋಗುವ ಯೋಜನೆಗೆ. ಆ ದಾಳಿ ನಡೆಯಲೇ ಇಲ್ಲ. ಆಮೇಲೆ ಸೇತುವೆ, ದೋಣಿ, ಫಿರಂಗಿ ಕೆಲಸಕ್ಕೆ ಅವರು ಬೇಕಾದರು. ಇನ್ನು ಬೆಂಕಿಯ ವಿಷಯ. 1810ರ ಜುಲೈ 1ರಂದು ಪ್ಯಾರಿಸ್‌ನಲ್ಲಿ ಆಸ್ಟ್ರಿಯದ ರಾಯಭಾರಿ ನೆಪೋಲಿಯನ್ನನ ಮದುವೆಯ ಸಂಭ್ರಮಕ್ಕೆ ನೃತ್ಯಕೂಟ ಏರ್ಪಡಿಸಿದ್ದ. ಅಲ್ಲಿ ಬೆಂಕಿ ಬಿದ್ದು ಹಲವರು ಸತ್ತರು. ಚಕ್ರವರ್ತಿಯೂ ಆ ಮನೆಯಲ್ಲಿದ್ದ. ಅದೇ ವರ್ಷ ಅರಮನೆಗಳ ಬೆಂಕಿ ಕಾವಲಿಗೆ ಗಾರ್ಡ್‌ನಲ್ಲಿ ಸ್ಯಾಪರ್‌ಗಳ, ಅಂದರೆ ಎಂಜಿನಿಯರಿಂಗ್ ಸಿಪಾಯಿಗಳ, ಕಂಪನಿ ಹುಟ್ಟಿತು.

ಯಂಗ್ ಗಾರ್ಡ್ ನಿಜವಾಗಲೂ ಗಾರ್ಡ್ ಅನ್ನಿಸಿಕೊಳ್ಳುತ್ತಾ? ಹೆಸರಿಗೆ ಮಾತ್ರ ಅಂತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಕರಡಿ ಚರ್ಮದ ಟೋಪಿಯವರಿಗೆ ಹೆಸರು ಬಂತು, ಈ ಹುಡುಗರಿಗೆ ಗುಂಡು ಬಿತ್ತು. ಗ್ರೆನೇಡಿಯರ್ ಬದಿಯ ರೆಜಿಮೆಂಟುಗಳು ತಿರಾಯರ್, ಶಾಸರ್ ಬದಿಯವು ವೋಲ್ತಿಜರ್. 1813ರ ಹೊತ್ತಿಗೆ ಎರಡೂ ಹತ್ತಕ್ಕಿಂತ ಜಾಸ್ತಿ ರೆಜಿಮೆಂಟುಗಳಾಗಿ ಬೆಳೆದಿದ್ದವು. ಇವರ ಜೊತೆ ಅರಣ್ಯ ಕಾವಲುಗಾರರ ಮಕ್ಕಳಿಂದ ಕಟ್ಟಿದ ಫ್ಲ್ಯಾಂಕರ್‌ಗಳು. 1811ರಲ್ಲಿ ಬಂದ ಪ್ಯುಪಿಲ್ಸ್ ಪಡೆಯಂತೂ ಹದಿಹರೆಯದ ಹುಡುಗರದು, ಅನಾಥರು ಮತ್ತು ಸಿಪಾಯಿಗಳ ಮಕ್ಕಳು.

ಸಿಪಾಯಿ ಹೊಸಬ, ಆದರೆ ಅಧಿಕಾರಿಗಳು ಮತ್ತು ಸಾರ್ಜೆಂಟುಗಳು ಓಲ್ಡ್ ಗಾರ್ಡ್‌ನಲ್ಲಿ ಪಳಗಿದವರು. ಗುಟ್ಟು ಇದೇ. 1813ರಲ್ಲಿ ಡ್ರೆಸ್ಡೆನ್‌ನಲ್ಲಿ, ಲೈಪ್‌ಜಿಗ್‌ನಲ್ಲಿ, 1814ರಲ್ಲಿ ಫ್ರಾನ್ಸಿನ ನೆಲದಲ್ಲೇ ನಡೆದ ಯುದ್ಧಗಳಲ್ಲಿ ಇವರನ್ನು ಮತ್ತೆ ಮತ್ತೆ ಮುಂದಕ್ಕೆ ಕಳಿಸಿದರು. ವಾಟರ್ಲೂ ದಿನ ಪ್ಲಾನ್ಸ್‌ನ್ವಾ ಹಳ್ಳಿಯನ್ನು ತಮಗಿಂತ ಎಷ್ಟೋ ಜಾಸ್ತಿ ಇದ್ದ ಪ್ರಷ್ಯನ್ನರ ಎದುರು ಮನೆ ಮನೆಗೂ ಹೋರಾಡಿ ಹಿಡಿದಿಟ್ಟವರಲ್ಲಿ ಇವರೇ ಮುಖ್ಯರು. ಅವರ ನಾಯಕ ದ್ಯುಯೆಮ್ ಅಲ್ಲೇ ಮಾರಣಾಂತಿಕವಾಗಿ ಗಾಯಗೊಂಡ.

### ಯುದ್ಧಭೂಮಿಯಲ್ಲಿ

ಇಷ್ಟು ಒಳ್ಳೆಯ ಪಡೆ ಇಟ್ಟುಕೊಂಡು ಯುದ್ಧಕ್ಕೆ ಯಾಕೆ ಇಳಿಸುತ್ತಿರಲಿಲ್ಲ?

ಇಳಿಸದೆ ಇರುವುದರಲ್ಲೇ ಅದರ ಅರ್ಧ ಶಕ್ತಿ ಇತ್ತು. ಗಾರ್ಡ್ ಇನ್ನೂ ಬಾಕಿ ಇದೆ ಎಂಬುದು ಸ್ವಂತ ಸೇನೆಗೆ ಧೈರ್ಯ, ಎದುರಾಳಿಗೆ ಆತಂಕ. 1806ರಲ್ಲಿ ಯೇನಾದಲ್ಲಿ ಗಾರ್ಡ್ ಕಾಲಾಳುಗಳು ಗುಂಡು ಹಾರಿಸದೆ ಇಡೀ ದಿನ ಕಳೆದರು. ಸಾಲಿನಿಂದ ಯಾರೋ ‘ಮುಂದಕ್ಕೆ!’ ಎಂದು ಕೂಗಿದ್ದಕ್ಕೆ ನೆಪೋಲಿಯನ್ ಸಿಟ್ಟಾದ.

ದೊಡ್ಡ ವಾದ ಇರುವುದು 1812ರ ಸೆಪ್ಟೆಂಬರ್ 7ರ ಬೊರೊಡಿನೊ ಬಗ್ಗೆ. ರಷ್ಯನ್ ಸಾಲು ಅಲುಗಾಡುತ್ತಿತ್ತು. ಗಾರ್ಡ್ ಕಳಿಸು ಎಂದು ಮಾರ್ಷಲ್‌ಗಳು ಕೇಳಿಕೊಂಡರು. ಅವನು ಕಾಲಾಳುಗಳನ್ನು ಕೊಡಲಿಲ್ಲ. ರಷ್ಯನ್ ಸೇನೆ ಪೆಟ್ಟು ತಿಂದರೂ ಉಳಿದುಕೊಂಡು ಹಿಂದೆ ಸರಿಯಿತು. ತಪ್ಪು ಮಾಡಿದ ಎಂದು ಹಲವರು ಬರೆದಿದ್ದಾರೆ. ನನಗೆ ಅವನ ಹಿಂಜರಿಕೆಗೆ ಕಾರಣ ಕಾಣುತ್ತದೆ. ಪ್ಯಾರಿಸ್‌ನಿಂದ ಎರಡೂವರೆ ಸಾವಿರ ಕಿಲೋಮೀಟರ್ ದೂರದಲ್ಲಿ ಕೊನೆಯ ಮೀಸಲನ್ನೂ ಕರಗಿಸಿಕೊಂಡರೆ ಮುಂದೇನು? ಎರಡು ತಿಂಗಳ ನಂತರ ಹಿಮದಲ್ಲಿ ಹಿಂದಿರುಗುವಾಗ ಕ್ರಾಸ್ನೋಯ್‌ನಲ್ಲಿ ರಷ್ಯನ್ನರನ್ನು ತಡೆದು, ಹಿಂದೆ ಬರುತ್ತಿದ್ದವರಿಗೆ ದಾರಿ ಮಾಡಿಕೊಟ್ಟದ್ದು ಈ ಉಳಿಸಿಟ್ಟ ಗಾರ್ಡ್.

1814ರಲ್ಲಿ ಅವನು ಸೋತಮೇಲೆ ಗಾರ್ಡ್ ಏನಾಯ್ತು?

1814ರ ಏಪ್ರಿಲ್ 20ರಂದು ಫಾಂಟೆನ್‌ಬ್ಲೋ ಅರಮನೆಯ ಅಂಗಳದಲ್ಲಿ ಓಲ್ಡ್ ಗಾರ್ಡ್‌ಗೆ ವಿದಾಯ ಹೇಳಿದ. ಜನರಲ್ ಪೆತಿಯನ್ನು ತಬ್ಬಿಕೊಂಡ, ಬಾವುಟಕ್ಕೆ ಮುತ್ತಿಟ್ಟ. ಅವನನ್ನು ಗಡಿಪಾರು ಮಾಡಿದ ಎಲ್ಬಾ ದ್ವೀಪಕ್ಕೆ 400 ಜನರನ್ನು ಕರೆದೊಯ್ಯಲು ಒಪ್ಪಂದ ಅವಕಾಶ ಕೊಟ್ಟಿತ್ತು. ಅದಕ್ಕಿಂತ ಜಾಸ್ತಿ ಜನ ತಾವಾಗಿಯೇ ಹೋದರು. ಉಳಿದ ಓಲ್ಡ್ ಗಾರ್ಡ್ ರೆಜಿಮೆಂಟುಗಳನ್ನು ಹೊಸ ರಾಜ ಹೆಸರು ಬದಲಿಸಿ ಇಟ್ಟುಕೊಂಡ, ಆದರೆ ತನ್ನ ಮೈಗಾವಲಿಗೆ ಇಟ್ಟುಕೊಳ್ಳಲಿಲ್ಲ. ಅವರು ಆ ಅವಮಾನ ಮರೆಯಲಿಲ್ಲ. 1815ರ ಮಾರ್ಚಿನಲ್ಲಿ ನೆಪೋಲಿಯನ್ ವಾಪಸ್ ಬಂದಾಗ ಗಾರ್ಡ್ ಮತ್ತೆ ಎದ್ದು ನಿಂತಿತು. ವಾಟರ್ಲೂ ನಂತರ ಅದೇ ವರ್ಷ ಅದನ್ನು ಪೂರ್ತಿ ವಿಸರ್ಜಿಸಿದರು. 1854ರಲ್ಲಿ ಮೂರನೇ ನೆಪೋಲಿಯನ್ ಅದೇ ಹೆಸರಲ್ಲಿ ಕಟ್ಟಿದ್ದು ಬೇರೆ ಗಾರ್ಡ್, ಅದು 1870ರವರೆಗೆ ಬಾಳಿತು.

### ಇನ್ನಷ್ಟು ಆಳಕ್ಕೆ

ವಾಟರ್ಲೂನಲ್ಲಿ ಕೊನೆಗೆ ದಾಳಿ ಮಾಡಿ ಸೋತದ್ದು ಓಲ್ಡ್ ಗಾರ್ಡ್ ಅಲ್ವಾ?

1815ರ ಜೂನ್ 18ರ ಸಂಜೆ ದಿಬ್ಬ ಹತ್ತಿದ್ದು ಮುಖ್ಯವಾಗಿ 3 ಮತ್ತು 4ನೇ ಗ್ರೆನೇಡಿಯರ್, 3 ಮತ್ತು 4ನೇ ಶಾಸರ್ ರೆಜಿಮೆಂಟುಗಳ ಬೆಟಾಲಿಯನ್‌ಗಳು. ಈ ರೆಜಿಮೆಂಟುಗಳು ಆ ವರ್ಷವೇ ತರಾತುರಿಯಲ್ಲಿ ಕಟ್ಟಿದವು. ದಾಖಲೆಯಲ್ಲಿ ಓಲ್ಡ್ ಗಾರ್ಡ್ ಹೆಸರಿದ್ದರೂ ಎಲ್ಲರ ಬಾಯಲ್ಲಿ ಅವು ಮಿಡ್ಲ್ ಗಾರ್ಡ್. ಗೊಂದಲ ಹುಟ್ಟಿದ್ದೇ ಇಲ್ಲಿ. ಎದುರಿನಿಂದ ಬ್ರಿಟಿಷ್ ಗಾರ್ಡ್‌ಗಳು ಮತ್ತು ಡಚ್-ಬೆಲ್ಜಿಯನ್ ಪಡೆ, ಪಕ್ಕದಿಂದ ಕೋಲ್ಬೋರ್ನ್ ನಡೆಸಿದ 52ನೇ ರೆಜಿಮೆಂಟ್ ಗುಂಡು ಸುರಿಸಿದವು. ಗಾರ್ಡ್ ಹಿಂದೆ ಸರಿಯುತ್ತಿದೆ ಎಂಬ ಕೂಗು ಹರಡಿ ಇಡೀ ಫ್ರೆಂಚ್ ಸೇನೆ ಚದುರಿತು. ನಿಜವಾದ ಹಿರಿಯರಾದ 1ನೇ ಗ್ರೆನೇಡಿಯರ್‌ಗಳು ಹಿಂದೆ ಚೌಕವಾಗಿ ನಿಂತು, ಕಟ್ಟು ಬಿಡದೆ ಹಿಂದೆ ಸರಿದರು.

‘ಗಾರ್ಡ್ ಸಾಯುತ್ತದೆ, ಶರಣಾಗುವುದಿಲ್ಲ’ ಅಂದದ್ದು ಯಾರು?

ಜನರಲ್ ಕಾಂಬ್ರೋನ್ ಎಂದು ಪ್ರಸಿದ್ಧಿ. ತಾನು ಹಾಗೆ ಅಂದಿಲ್ಲ ಎಂದು ಅವನೇ ಹೇಳಿದ್ದ. ಅವನು ಗಾಯಗೊಂಡು ಸೆರೆ ಸಿಕ್ಕ, ಬಹಳ ವರ್ಷ ಬದುಕಿದ. ಆ ದಿನ ಸತ್ತ ಜನರಲ್ ಮಿಶೆಲ್ ಹೇಳಿದ ಮಾತು ಅದು ಎಂದು ಅವನ ಮಕ್ಕಳು ವಾದಿಸಿದರು. ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಪ್ಯಾರಿಸ್ ಪತ್ರಿಕೆಗಳಲ್ಲಿ ಅದು ಅಚ್ಚಾಯಿತು. ಪತ್ರಕರ್ತನ ಕೈಚಳಕ ಎಂಬುದೇ ಹೆಚ್ಚು ಒಪ್ಪುವ ವಿವರಣೆ.

ಗಾರ್ಡ್‌ನಿಂದ ಫ್ರೆಂಚ್ ಸೇನೆಗೆ ಒಳ್ಳೆಯದಾಯ್ತೋ, ಕೆಟ್ಟದ್ದೋ?

ಎರಡೂ ಆಯಿತು, ಮತ್ತು ವರ್ಷ ಕಳೆದಂತೆ ಕೆಟ್ಟದ್ದರ ಪಾಲು ಜಾಸ್ತಿಯಾಯಿತು ಎಂದು ನನ್ನ ಎಣಿಕೆ. ಗಾರ್ಡ್ ಸೇರಬಹುದು ಎಂಬ ಆಸೆ ಪ್ರತಿ ರೆಜಿಮೆಂಟಿನಲ್ಲೂ ಸಿಪಾಯಿಯನ್ನು ಹುರಿದುಂಬಿಸಿತು. ಆದರೆ ಪ್ರತಿ ಸಲ ಗಾರ್ಡ್ ಬೆಳೆದಾಗಲೂ ರೆಜಿಮೆಂಟುಗಳು ತಮ್ಮ ಅನುಭವಿ ಸಾರ್ಜೆಂಟುಗಳನ್ನು, ಗಟ್ಟಿ ಆಳುಗಳನ್ನು ಬಿಟ್ಟುಕೊಡಬೇಕಿತ್ತು. ಹೊಸಬರಿಗೆ ಕಲಿಸುವವರೇ ಕಡಿಮೆಯಾದರು. 1805ರ ಚಿಕ್ಕ ಗಾರ್ಡ್‌ಗೆ ಇದನ್ನು ತಡೆದುಕೊಳ್ಳಬಹುದಿತ್ತು. ರಷ್ಯದಲ್ಲಿ ಅಷ್ಟು ಜನ ಸತ್ತ ಮೇಲೆ 1813ರಲ್ಲಿ ಅದೇ ಪದ್ಧತಿ ಮುಂದುವರಿಸಿದ್ದು ಮಾಮೂಲಿ ರೆಜಿಮೆಂಟುಗಳ ಬೆನ್ನೆಲುಬನ್ನೇ ತೆಗೆದಂತಾಯಿತು.

ಲಂಡನ್ ಅರಮನೆ ಮುಂದೆ ನಿಲ್ಲೋರ ಕರಿ ಟೋಪಿ ಇಲ್ಲಿಂದ ಬಂದದ್ದಾ?

ಹೌದು, ಒಂದು ತಪ್ಪು ಗುರುತಿನಿಂದ. ತಾವು ವಾಟರ್ಲೂನಲ್ಲಿ ಹಿಮ್ಮೆಟ್ಟಿಸಿದ್ದು ಫ್ರೆಂಚ್ ಗಾರ್ಡ್‌ನ ಗ್ರೆನೇಡಿಯರ್‌ಗಳನ್ನು ಎಂದು ಬ್ರಿಟಿಷರ ಫಸ್ಟ್ ಗಾರ್ಡ್ಸ್ ರೆಜಿಮೆಂಟ್ ನಂಬಿತ್ತು. ಅದರ ಗೌರವಕ್ಕೆ 1815ರಲ್ಲೇ ಗ್ರೆನೇಡಿಯರ್ ಗಾರ್ಡ್ಸ್ ಎಂಬ ಹೆಸರು ಪಡೆಯಿತು, ಇಡೀ ರೆಜಿಮೆಂಟ್ ಕರಡಿ ಚರ್ಮದ ಟೋಪಿ ಧರಿಸಿತು. ಅವರ ಎದುರು ಬಂದದ್ದು ಹೆಚ್ಚಾಗಿ ಶಾಸರ್‌ಗಳು. ಉಳಿದ ಬ್ರಿಟಿಷ್ ಗಾರ್ಡ್ ರೆಜಿಮೆಂಟುಗಳಿಗೆ ಈ ಟೋಪಿ ಬಂದದ್ದು ಆಮೇಲೆ.

ನಿಜವಾದ ಗಾರ್ಡ್ ಸಿಪಾಯಿಗಳ ಫೋಟೋ ಇದೆಯಾ?

ಇದೆ. 1858ರ ಸುಮಾರಿಗೆ, ಹಳೆಯ ಯೋಧರಿಗೆ ಸೇಂಟ್ ಹೆಲೆನಾ ಪದಕ ಕೊಡಲು ಶುರುವಾದ ಹೊತ್ತಿನಲ್ಲಿ, ತಮ್ಮ ಹಳೆಯ ಉಡುಪು ತೊಟ್ಟ ಮುದುಕರ ಫೋಟೋಗಳನ್ನು ತೆಗೆದರು. ಗ್ರೆನೇಡಿಯರ್, ಕೆಂಪು ಲ್ಯಾನ್ಸರ್, ಮಾಮಲೂಕ್ ಉಡುಪಿನವರು ಅದರಲ್ಲಿದ್ದಾರೆ. ಈಗ ಆ ಫೋಟೋಗಳು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಉಡುಪು, ಆಯುಧಗಳನ್ನು ಕಣ್ಣಾರೆ ನೋಡಬೇಕೆಂದರೆ ಪ್ಯಾರಿಸ್‌ನ ಆಂವಲೀದ್‌ನಲ್ಲಿರುವ ಸೇನಾ ಮ್ಯೂಸಿಯಂಗೆ ಹೋಗಬೇಕು.